ಭಾವನ ಮೀಟರು, ಅಕ್ಕನ ಪಿಜ್ಜಾ

ನಮ್ಮ ಭಾವನಿಗೆ ನಾಲಗೆ ಇರುವುದು ಮಾತಾಡುವುದಕ್ಕೆ ಮಾತ್ರ, ರುಚಿ ನೋಡುವುದಕ್ಕಲ್ಲ. ಇದನ್ನು ನಾನು ಚಾಡಿಯಾಗಿ ಹೇಳುತ್ತಿಲ್ಲ, ಅವರೇ ಹೆಮ್ಮೆಯಿಂದ ಒಪ್ಪಿಕೊಳ್ಳುವ ಮಾತು. ಕಾಫಿ ಬಿಸಿ ಇದೆಯೋ ಇಲ್ಲವೋ ಎಂದು ನೀವು, ನಾನು ಹೇಗೆ ತಿಳಿದುಕೊಳ್ಳುತ್ತೇವೆ? ತುಟಿಗಿಟ್ಟು, ಸುಟ್ಟುಕೊಂಡು! ಭಾವ ಹಾಗಲ್ಲ. ಅಂಗಿ ಜೇಬಿನಿಂದ ಗಾಜಿನ ಥರ್ಮಾಮೀಟರ್ ತೆಗೆದು ಲೋಟಕ್ಕೆ ಅದ್ದಿ, ಕನ್ನಡಕ ಹಣೆಗೇರಿಸಿ ನೋಡಿ, "ಅರವತ್ತೆಂಟು. ಇನ್ನೊಂದೆಲ್ಡ್ ನಿಮ್ಸ ತಡಿ" ಎನ್ನುತ್ತಾರೆ. ಸರಿಯಾಗಿ ಅರವತ್ತಕ್ಕೆ ಇಳಿದ ಮೇಲೆಯೇ ಕುಡಿಯುವುದು. ಅಷ್ಟು ಹೊತ್ತಿಗೆ ಕಾಫಿಯ ಮೇಲೆ ಕೆನೆ ಕಟ್ಟಿ, ಒಂದು ನೊಣ ಬಂದು ಸ್ನಾನ ಮುಗಿಸಿ ಹೋಗಿರುತ್ತದೆ.

ಇದು ಹುಟ್ಟುಗುಣವಲ್ಲ, ಕಸುಬಿನ ಗುಣ. ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ ಅವರು ಸೆಕ್ರೆಟರಿ. ಬೆಳಿಗ್ಗೆ, ಸಂಜೆ ಊರಿನ ಅರ್ಧ ಜನ ಕ್ಯಾನು ಹಿಡಿದುಕೊಂಡು ಅವರ ಮುಂದೆ ಸಾಲು ನಿಲ್ಲುತ್ತಾರೆ. ಮಕ್ಕಳ ಮೇಲೆ ಆಣೆ ಇಟ್ಟು "ತೊಟ್ಟು ನೀರು ಸೋಕಿಸಿಲ್ಲ" ಎಂದವರ ಹಾಲಿನಲ್ಲೂ ಮೀಟರು ಬಾವಿಯನ್ನೇ ತೋರಿಸುತ್ತದೆ. ಸ್ವಂತ ಚಿಕ್ಕಪ್ಪನ ಹಾಲನ್ನೇ ಮೂರು ಸಲ ವಾಪಸ್ ಕಳಿಸಿದವರು ನಮ್ಮ ಭಾವ. ಆ ಚಿಕ್ಕಪ್ಪ ಇವತ್ತಿಗೂ ಇವರನ್ನು ಕಂಡರೆ ಟವಲು ಒದರಿ ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡು ಹೋಗುತ್ತಾರೆ. ಇಂಥದ್ದನ್ನೆಲ್ಲ ಇಪ್ಪತ್ತೇಳು ವರ್ಷ ನೋಡಿ ನೋಡಿ ಭಾವ ಒಂದು ತೀರ್ಮಾನಕ್ಕೆ ಬಂದಿದ್ದರು: ಬಾಯಿ ಸುಳ್ಳು ಹೇಳುತ್ತದೆ, ಮೀಟರು ಹೇಳುವುದಿಲ್ಲ.

ಹೆಣ್ಣು ನೋಡುವುದಕ್ಕೆ ಶಾಂತಿಗ್ರಾಮದ ನಮ್ಮ ಮನೆಗೆ ಬಂದಾಗಲೇ ಈ ಕಾಯಿಲೆ ಹತ್ತಿತ್ತು. ನಾನಾಗ ಏಳನೇ ಕ್ಲಾಸು. ಅಕ್ಕ ತಲೆ ತಗ್ಗಿಸಿ ಕಾಫಿ ತಂದುಕೊಟ್ಟಳು. ಬೇರೆ ಗಂಡಾಗಿದ್ದರೆ ಹುಡುಗಿಯ ಮುಖ ನೋಡುತ್ತಿದ್ದ. ಇವರು ಲೋಟದೊಳಗೆ ನೋಡಿದರು. ಒಂದು ಗುಟುಕು ಕುಡಿದು, ಕಾಯಿಸದ ಹಾಲು ಒಂದು ಚೊಂಬು ಸಿಗುತ್ತದೆಯೇ ಎಂದು ಕೇಳಿದರು. ಪಾಪ, ಏನೋ ಹರಕೆ ಇರಬೇಕೆಂದು ಅಮ್ಮ ತಂದುಕೊಟ್ಟರು. ಬಟ್ಟೆ ಚೀಲದಿಂದ ಹಾಲಿನ ನೀರು ಹಿಡಿಯುವ ಲ್ಯಾಕ್ಟೋಮೀಟರ್ ಈಚೆಗೆ ಬಂತು. ಹಾಲಿನಲ್ಲಿ ತೇಲಿತು. "ಇಪ್ಪತ್ಮೂರು" ಎಂದರು. ಇಪ್ಪತ್ತೆಂಟು ಇರಬೇಕಿತ್ತಂತೆ. ಅಪ್ಪನಿಗೆ ಮೂಗಿನ ತುದಿಯಲ್ಲಿ ಕೋಪ. ನಮ್ಮ ಮನೆಯ ಹಸು, ನಾವೇ ಕರೆದ ಹಾಲು, ಅದಕ್ಕೆ ನೀರು ಎಲ್ಲಿಂದ ಬಂತೆಂದು ಎದ್ದು ನಿಂತರು. ಆಗ ಎಲ್ಲರ ಕಣ್ಣೂ ನಿಧಾನವಾಗಿ ಅಜ್ಜಿಯ ಕಡೆ ತಿರುಗಿದವು. ನೆಂಟರು ಜಾಸ್ತಿ ಬಂದರೆಂದು ಅಜ್ಜಿ ಹಾಲಿಗೆ ಸ್ವಲ್ಪ ನೀರು ಬೆರೆಸಿದ್ದರು. ಅಷ್ಟು ಹೊತ್ತೂ ಚೆನ್ನಾಗಿ ಕೇಳಿಸುತ್ತಿದ್ದ ಅಜ್ಜಿಗೆ ಆ ಕ್ಷಣದಿಂದ ಕಿವಿ ಕೇಳಿಸದಾಯಿತು.

ಬಾಗಿಲ ಹಿಂದೆ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಈ ಸಂಬಂಧ ಬೇಡವೇ ಬೇಡ ಎಂದು ಅಪ್ಪ ಹಾರಾಡಿದಾಗ ಅವಳೇ ಹೇಳಿದ್ದು: "ಇವ್ರೇ ಇರ್ಲಿ ಬುಡಪ್ಪ. ಒಳ್ಗೊಂದು ಹೊರ್ಗೊಂದು ಇಟ್ಕಳಕ್ ಬರಲ್ಲ ಇವ್ರಿಗೆ." ಹೀಗೆ ಐದು ಡಿಗ್ರಿ ನೀರಿನ ಮೇಲೆ ನಮ್ಮ ಅಕ್ಕನ ಮದುವೆ ಗಟ್ಟಿಯಾಯಿತು.

ಆ ಅಕ್ಕ ಈಗ ಇಲ್ಲ. ಹೋದ ವರ್ಷ ದೀಪಾವಳಿ ಕಳೆದ ಮರುವಾರ ತೀರಿಕೊಂಡಳು. ನಗಿಸುವುದಕ್ಕೆ ಕೂತವಳು ಇದನ್ನು ಯಾಕೆ ನಡುವೆ ತಂದಳು ಎನ್ನಬೇಡಿ. ಭಾವನ ಯಾವ ಕಥೆ ಹೇಳಹೊರಟರೂ ಅವಳು ಬಾಗಿಲ ಹಿಂದೆ ನಗುತ್ತಾ ನಿಂತಿರುತ್ತಾಳೆ. ಅವಳನ್ನು ದಾಟಿಕೊಂಡು ಮುಂದೆ ಹೋಗುವುದು ನನಗೆ ಬರುವುದಿಲ್ಲ.

ಪಿಜ್ಜಾ ಬಂದದ್ದು ಅವಳ ಕಾಯಿಲೆಯ ಹಿಂದೆ. ತಿಂಗಳಿಗೆರಡು ಸಲ ಅವಳನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆವು. ನಾನು ಚನ್ನರಾಯಪಟ್ಟಣದ ಒಂದು ಸ್ಕೂಲಿನಲ್ಲಿ ಮೇಷ್ಟ್ರಗಿತ್ತಿ. ರಜೆ ಹಾಕಿ ಬಸ್ಸು ಹತ್ತಿ ಬರುತ್ತಿದ್ದೆ, ಅವರಿಬ್ಬರೂ ಹೊಳೆನರಸೀಪುರದ ಕಡೆಯಿಂದ ಬರುತ್ತಿದ್ದರು. ಔಷಧಿ ಅವಳ ಬಾಯಿಯ ರುಚಿಯನ್ನೆಲ್ಲ ಕೆಡಿಸಿಬಿಟ್ಟಿತ್ತು. ಮುದ್ದೆ ಮಣ್ಣು, ಅನ್ನ ಸುಣ್ಣ ಎನ್ನುತ್ತಿದ್ದಳು. ಒಂದು ದಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಯ ಗಾಜಿನಾಚೆ ಪಿಜ್ಜಾ ನೋಡಿ, ಅದೇನು ರೊಟ್ಟಿ, ಒಂದು ಚೂರು ತಿನ್ನೋಣ ಎಂದಳು. ಒಳಗೆ ಹೋದೆವು. ಭಾವ ಅದರ ಮೇಲಿನ ಚೀಸನ್ನು ಚಮಚದಲ್ಲಿ ಎತ್ತಿ ಎಳೆದು, ಅದು ಹರಿಯದೆ ಉದ್ದವಾಗುತ್ತಾ ಹೋದಾಗ, ತಂದುಕೊಟ್ಟವನನ್ನು ಕರೆದು ಇದರಲ್ಲಿ ಫ್ಯಾಟ್ ಎಷ್ಟಿದೆ ಎಂದು ಕೇಳಿದರು. ಅವನು ಹೆದರಿ ಮ್ಯಾನೇಜರನ್ನು ಕರೆತಂದ. ಇವರ ತಕರಾರು ನಡೆಯುತ್ತಿರುವಾಗಲೇ ನಮ್ಮ ಅಕ್ಕ ಮೂರು ತುಂಡು ತಿಂದು ಮುಗಿಸಿದ್ದಳು! ನಾಲ್ಕು ತಿಂಗಳಲ್ಲಿ ಅವಳು ಕೇಳಿ ತಿಂದ ಮೊದಲನೇ ಊಟ ಅದು.

ಅದೇ ಖುಷಿಯಲ್ಲಿ ನಾನು ಅವಳಿಗೊಂದು ಪಿಜ್ಜಾ ಓವನ್ ತಂದುಕೊಟ್ಟೆ. ಮನೆಯಲ್ಲೇ ಇಟ್ಟುಕೊಳ್ಳುವಂಥ ಕರೆಂಟಿನದು, ಮೇಲೊಂದು ಕೆಳಗೊಂದು ಕಾಯಿಲ್, ನಡುವೆ ದುಂಡನೆಯ ಕಲ್ಲು, ಮುಂದೆ ಒಂದು ತಿರುಪು. ಅದರ ಮೇಲೆ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರೇ ಗುರುತು. ಭಾವ ಅದನ್ನು ನೋಡಿದ ರೀತಿಯನ್ನು ನೀವು ನೋಡಬೇಕಿತ್ತು. "ಮಧ್ಯಮ ಅಂದ್ರೆ ಎಷ್ಟು?" ಎಂದರು. ಮಧ್ಯಮ ಅಂದರೆ ಮಧ್ಯಮ ಎಂದೆ. ಮೇಷ್ಟ್ರಗಿತ್ತಿಯಾಗಿ ಇಂಥ ಮಾತಾಡುತ್ತೀಯಲ್ಲ ಎಂಬಂತೆ ತಲೆ ಅಲ್ಲಾಡಿಸಿ, ಡೈರಿಯ ಥರ್ಮಾಮೀಟರ್ ತೆಗೆದು ಓವನ್ನಿನ ಒಳಗಿಟ್ಟರು. ಹಾಲಿನ ಥರ್ಮಾಮೀಟರಿಗೆ ನೂರಹತ್ತರ ಮೇಲೆ ಲೆಕ್ಕ ಬರುವುದಿಲ್ಲ. ಓವನ್ನು ಮುನ್ನೂರರ ಹತ್ತಿರ ಹೋಗುವಂಥದ್ದು. ಟಪ್ಪೆಂದು ಸದ್ದಾಯಿತು. ಇಪ್ಪತ್ತೇಳು ವರ್ಷ ಊರಿನವರ ಸುಳ್ಳನ್ನೆಲ್ಲ ತಡೆದುಕೊಂಡಿದ್ದ ಆ ಗಾಜಿನ ಕಡ್ಡಿ ಒಂದು ಪಿಜ್ಜಾ ತಡೆಯಲಾರದೆ ಸಿಡಿದು ಹೋಯಿತು.

ಓವನ್ ಒರೆಸಿ, ಕಲ್ಲನ್ನು ಬದಲಾಯಿಸಿ ಮತ್ತೊಂದು ದಿನ ಮಾಡಿದರು. ಎರಡು ನಿಮಿಷಕ್ಕೊಂದು ಸಲ ಬಾಗಿಲು ತೆಗೆದು ಇಣುಕುತ್ತಿದ್ದುದರಿಂದ ಕಾವೆಲ್ಲ ಆಚೆ ಹೋಯಿತು. ಆಮೇಲೆ ಸಿಟ್ಟಿನಲ್ಲಿ ತಿರುಪನ್ನು ಹೆಚ್ಚಿಗೆ ತಿರುಗಿಸಿದರು. ಮೇಲೆ ಇದ್ದಿಲು, ಕೆಳಗೆ ಹಸಿ ಹಿಟ್ಟು. ಅಕ್ಕ ನಡುವಿನ ಒಂದು ಚೂರನ್ನು ಬಿಡಿಸಿ ಬಾಯಿಗೆ ಹಾಕಿಕೊಂಡಳು, ನುಂಗಲಾಗಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು ನಗುತ್ತಲೇ ಹೇಳಿದಳು: "ಸರ್ಯಾಗ್ ಬೆಂದಿದ್ದು ಒಂದೇ ಒಂದು, ಬಿಸಿಬಿಸೀದು ತಿನ್ಸಿ ನಂಗೆ. ಇನ್ನೇನೂ ಕೇಳಕಿಲ್ಲ."

ಭಾವ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಆ ತಿರುಪನ್ನೇ ಕಿತ್ತುಹಾಕಿ, ಕಾವನ್ನು ತಾನೇ ಅಳೆದು ತಾನೇ ಕರೆಂಟು ಕೊಟ್ಟು ನಿಲ್ಲಿಸುವ ಮೀಟರು ಕೂರಿಸುತ್ತೇನೆ ಎಂದರು. ಡೈರಿಯ ತಣ್ಣನೆ ಹಾಲಿನ ಟ್ಯಾಂಕು ರಿಪೇರಿಗೆ ಬರುವ ಮೆಕ್ಯಾನಿಕ್‌ನನ್ನು ಕೇಳಿ, ಏನೇನು ಸಾಮಾನು ಬೇಕೆಂದು ಪಟ್ಟಿ ಬರೆಸಿಕೊಂಡರು. ಬೆಂಕಿಪೊಟ್ಟಣದಷ್ಟು ಗಾತ್ರದ ಮೈಕ್ರೋಕಂಟ್ರೋಲರ್, ಬಿಸಿ ಮುಟ್ಟಿ ನೋಡುವ ತಂತಿ, ಕರೆಂಟು ಕಟ್ ಮಾಡುವ ರಿಲೇ, ಅಂಕಿ ತೋರಿಸುವ ಪುಟ್ಟ ಪರದೆ. ಎಲ್ಲವನ್ನೂ ಫೋನಿನಲ್ಲಿ ಆರ್ಡರ್ ಮಾಡಿ ಕಾದರು.

ಇನ್ನು ಮುಂದಿನದನ್ನು ಹೇಳುವಾಗ ನನ್ನ ಸಿಟ್ಟು ಇನ್ನೂ ಆರಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆ ತಿಂಗಳ ರಕ್ತದ ರಿಪೋರ್ಟ್ ಚೆನ್ನಾಗಿತ್ತು. ಅಂಕಿಗಳು ಏರಿದ್ದವು. ಭಾವ ಆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದರು. ಆ ಭಾನುವಾರ ನಾನು ಅಲ್ಲಿದ್ದೆ. ಅಕ್ಕ ಗೋಡೆಗೆ ಒರಗಿ ಕೂತು, "ನಂಗೆ ಒಳ್ಗಡೆ ಆಯ್ತಿಲ್ಲ ಕಣ್ರೀ" ಎಂದಳು. ಭಾವ ಕಾಗದ ಬಿಚ್ಚಿ ಅವಳ ಮುಂದೆ ಹಿಡಿದರು. "ಏರೈತೆ ನೋಡು. ನಿಂದೆಲ್ಲ ಮನ್ಸಿನ್ ಭ್ರಮೆ" ಎಂದರು. ಅವಳು ಕಾಗದವನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ. ಸರಿ ಬಿಡಿ ಎಂದು ಕಣ್ಣು ಮುಚ್ಚಿಕೊಂಡಳು. ಹನ್ನೆರಡನೇ ದಿನಕ್ಕೆ ಹೋಗಿಬಿಟ್ಟಳು. ರಿಪೋರ್ಟಿನಲ್ಲಿ ತಪ್ಪಿರಲಿಲ್ಲವಂತೆ, ಅದು ರಕ್ತದ ಲೆಕ್ಕ ಮಾತ್ರವಂತೆ, ಗೊತ್ತಾಗಿದ್ದರೂ ಏನೂ ಮಾಡಲಾಗುತ್ತಿರಲಿಲ್ಲವಂತೆ. ಇರಬಹುದು. ಅವಳ ಮಾತನ್ನು ಒಂದು ಸಲ ಕೂತು ಕೇಳಬಹುದಿತ್ತಲ್ಲ?

ಓವನ್ನಿನ ಸಾಮಾನಿನ ಡಬ್ಬಿ ಬಂದದ್ದು ಅವಳು ಹೋದ ಹನ್ನೊಂದನೇ ದಿನದ ತಿಥಿಯಂದು. ಶಾಮಿಯಾನದ ಕೆಳಗೆ ಜನ ಊಟಕ್ಕೆ ಕೂತಿದ್ದಾಗ ಕೊರಿಯರ್‌ನವನು ಬಂದು ಅಕ್ಕನ ಹೆಸರು ಕೂಗಿದ. ಭಾವ ಆರ್ಡರ್ ಮಾಡಿದ್ದು ಅವಳ ಫೋನಿನಿಂದಂತೆ. ಬೋಳಿಸಿದ ತಲೆಯ ಮೇಲೆ ಟವಲು ಹೊದ್ದುಕೊಂಡು ಎದ್ದು ಹೋಗಿ ಸಹಿ ಹಾಕಿ ಇಸಿದುಕೊಂಡರು.

ಎಂಟು ತಿಂಗಳು ಡಬ್ಬಿ ಅಟ್ಟದ ಮೇಲಿತ್ತು. ಆಷಾಢದಲ್ಲಿ ಒಂದು ದಿನ ಅವರ ತಾಯಿ, ನಾವೆಲ್ಲ ಅತ್ತೆ ಎಂದು ಕರೆಯುವ ಮುದುಕಿ, ನನಗೆ ಫೋನ್ ಮಾಡಿದರು. "ನಿಮ್ಭಾವುಂಗೆ ಏನೋ ಆಗೈತೆ ಕಣವ್ವ. ಮುದ್ದೆಗೆ ವೈರ್ ಚುಚ್ತಾವ್ನೆ" ಎಂದರು. ಓಡಿಹೋಗಿ ನೋಡಿದರೆ ನಿಜ. ಬಿಸಿ ಮುಟ್ಟಿ ನೋಡುವ ತಂತಿ ಸರಿಯಾಗಿದೆಯೋ ಇಲ್ಲವೋ ಎಂದು ಮನೆಯ ಸಮಸ್ತವನ್ನೂ ಪರೀಕ್ಷೆ ಮಾಡುತ್ತಿದ್ದರು. ಮಂಜುಗಡ್ಡೆ ಸೊನ್ನೆ, ಕುದಿಯುವ ನೀರು ತೊಂಬತ್ತೇಳು, ಮುದ್ದೆ ಎಂಬತ್ತೊಂದು, ಅತ್ತೆಯ ಅಂಗೈ ಮೂವತ್ತಮೂರು. ಅತ್ತೆ ಕೈ ಕಿತ್ತುಕೊಂಡು, "ಸಾಯೋ ಮುದ್ಕಿ ಕೈಲಿ ಇನ್ನೆಷ್ಟ್ ಬಿಸಿ ಇದ್ದಾತ್ಲಾ" ಎಂದರು. ಭಾವ ಅದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಎಸ್.ಎಸ್.ಎಲ್.ಸಿ. ಪಾಸಾದ ಮನುಷ್ಯ ಐವತ್ತೆರಡನೇ ವಯಸ್ಸಿನಲ್ಲಿ ಫೋನಿನ ವಿಡಿಯೋ ನೋಡಿ ಕಂಪ್ಯೂಟರ್ ಕೋಡು ಕಲಿತರು. ಹಾಲಿನ ಲೆಕ್ಕದ ಹಳೇ ಕಂಪ್ಯೂಟರಿನಲ್ಲಿ ಎರಡು ಬೆರಳಿನಿಂದ ಕುಟ್ಟುತ್ತಿದ್ದರು. ಹಾಲು ಹಾಕುವವರು ಸಾಲಿನಲ್ಲಿ ನಿಂತು ಕಾಯುತ್ತಿದ್ದರೆ ಇವರು ಒಂದು ಕಳೆದುಹೋದ ಸೆಮಿಕೋಲನ್ ಹುಡುಕುತ್ತಿದ್ದರು. ಏನು ಕಳೆದಿದೆಯೋ ತಿಳಿಯದೆ ಇಬ್ಬರು ಹೆಂಗಸರು ಬಗ್ಗಿ ಮೇಜಿನ ಕೆಳಗೆಲ್ಲ ಹುಡುಕಿಕೊಟ್ಟರಂತೆ. ಎಷ್ಟು ಬಿಸಿಯಾದಾಗ ಎಷ್ಟು ಹೊತ್ತು ಕರೆಂಟು ಕೊಡಬೇಕು, ಯಾವಾಗ ಮೊದಲೇ ನಿಲ್ಲಿಸಬೇಕು ಎಂಬುದಕ್ಕೆ ಅವರದೇ ಒಂದು ಸೂತ್ರವಿತ್ತು. ಹಾಲು ಉಕ್ಕುವುದಕ್ಕೆ ಮೊದಲೇ ಒಲೆ ಇಳಿಸುತ್ತಿದ್ದ ಅಕ್ಕನ ಕೈಯನ್ನೇ ಕೋಡಿನಲ್ಲಿ ಬರೆದಿದ್ದೇನೆ ಎಂದರು. ನನಗೆ ಮುಖ ತಿರುಗಿಸಿಕೊಳ್ಳುವ ಹಾಗಾಯಿತು.

ಎಲ್ಲ ಜೋಡಿಸಿ ಮೊದಲ ಸಲ ಸ್ವಿಚ್ ಒತ್ತಿದ ದಿನ ನಾನೂ ಇದ್ದೆ. ಪರದೆಯ ಮೇಲೆ ಇಪ್ಪತ್ತಾರು ಎಂದು ಬಂತು. ಮನೆಯ ಬಿಸಿ ಅದೇ, ಸರಿಯಾಗಿದೆ ಎಂದು ಭಾವ ತೊಡೆ ತಟ್ಟಿಕೊಂಡರು. ಸ್ವಲ್ಪ ಹೊತ್ತಿಗೆ ಇಪ್ಪತ್ತಾಯಿತು. ಆಮೇಲೆ ಹನ್ನೆರಡು. ಓವನ್ ಇನ್ನೂ ತಣ್ಣಗಾಗುತ್ತಿದೆ, ಕಾಯಿಲ್ ಹತ್ತಿಲ್ಲ ಎಂದುಕೊಂಡು ಸ್ಟೂಲು ಎಳೆದುಕೊಂಡು ಕೂತರು. ಅಂಕಿ ಸೊನ್ನೆಗಿಂತ ಕೆಳಕ್ಕೆ ಹೋಯಿತು. ಆ ಮೀಟರಿನ ಪ್ರಕಾರ ಹೊಳೆನರಸೀಪುರದ ಕಡೆಯ ಭಾವನ ಅಡುಗೆಮನೆಯಲ್ಲಿ ಹಿಮ ಬೀಳಬೇಕಿತ್ತು! ಬಿದ್ದದ್ದು ಹೊಗೆ. ಪರೀಕ್ಷೆಗೆಂದು ಒಳಗಿಟ್ಟಿದ್ದ ಹಿಟ್ಟು ಕರಕಲಾಗಿ ಓವನ್ನಿನ ಸಂದಿಯಿಂದ ಕಪ್ಪು ಹೊಗೆ ಎದ್ದಿತು. ಅತ್ತೆ ಕೆಮ್ಮುತ್ತಾ ಕೂಗಿದರು.

"ಲೇ, ಸುಟ್ಟೋಯ್ತಾ ಐತೆ ಕಣ್ಲಾ!"

"ಇಲ್ಲ ಕಣವ್ವ, ಮೈನಸ್ ಇನ್ನೂರು ತೋರುಸ್ತೈತೆ" ಎಂದರು ಭಾವ, ಪರದೆಯಿಂದ ಕಣ್ಣು ತೆಗೆಯದೆ.

ನಾನೇ ಹೋಗಿ ಪ್ಲಗ್ ಕಿತ್ತೆ. ಮೆಕ್ಯಾನಿಕ್ ಬಂದು ನೋಡಿ ನಕ್ಕ. ಬಿಸಿ ಅಳೆಯುವ ತಂತಿಗೆ ಎರಡು ಎಳೆ ಇರುತ್ತವಂತೆ. ಅದಲು ಬದಲು ಕೂರಿಸಿದರೆ ಕಾದಷ್ಟೂ ಅಂಕಿ ಇಳಿಯುತ್ತದಂತೆ, ಇಳಿದಷ್ಟೂ ಮೀಟರು ಇನ್ನೂ ಕರೆಂಟು ಕೊಡುತ್ತದಂತೆ. ಮೊದಲು ಪರೀಕ್ಷೆ ಮಾಡಿದಾಗ ಸರಿಯಾಗಿತ್ತು, ಓವನ್ನಿಗೆ ಕೂರಿಸುವಾಗ ಬಿಚ್ಚಿ ತಿರುಗಾಮುರುಗಾ ಹಾಕಿದ್ದರು. ಮೀಟರು ಕೆಟ್ಟಿರಲಿಲ್ಲ, ಕಟ್ಟಿದವರು ತಪ್ಪು ಕಟ್ಟಿದ್ದರು. ಅವನು ಎರಡು ಎಳೆಯನ್ನೂ ಬದಲಾಯಿಸಿ ಟೀ ಕುಡಿದು ಹೋದ.

ಭಾವ ನಗಲಿಲ್ಲ. ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ನಾನು ಕಾಫಿ ತೆಗೆದುಕೊಂಡು ಹೋದೆ. ಜೇಬಿನಲ್ಲಿದ್ದ ಹೊಸ ಥರ್ಮಾಮೀಟರ್ ತೆಗೆಯಲಿಲ್ಲ. ಹಾಗೇ ಕುಡಿದರು, ನಾಲಗೆ ಸುಟ್ಟಿರಬೇಕು, ಕಣ್ಣಲ್ಲಿ ನೀರು ಬಂತು.

"ಹೊಗೆ ಕಣ್ಣಿಗೆ ಕಾಣ್ತಿತ್ತು ಕಣವ್ವ. ನಾನು ಅಂಕಿ ನೋಡ್ತಾ ಕುಂತಿದ್ದೆ" ಎಂದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅವತ್ತೂ ಅಂಗೇ. ಅವ್ಳು ಬಾಯ್ ಬುಟ್ಟು ಹೇಳುದ್ಲು. ನಾನು ಕೇಳ್ನಿಲ್ಲ" ಎಂದರು.

ಇಷ್ಟು ತಿಂಗಳು ನಾನು ಈ ಮಾತನ್ನು ಅವರ ಮುಖಕ್ಕೆ ಎಸೆಯಬೇಕೆಂದು ಕಾದುಕೊಂಡಿದ್ದೆ. ಅವರೇ ಹೇಳಿಬಿಟ್ಟ ಮೇಲೆ ನನ್ನ ಹತ್ತಿರ ಏನೂ ಉಳಿಯಲಿಲ್ಲ. ಲೋಟ ಇಸಿದುಕೊಂಡು ಒಳಗೆ ಬಂದೆ.

ಪಕ್ಷದ ಹಬ್ಬ ಹತ್ತಿರ ಬಂತು. ನಮ್ಮ ಕಡೆ ತೀರಿಹೋದ ಹಿರಿಯರಿಗೆ ಎಡೆ ಇಡುವ ಹಬ್ಬ ಅದು. ಅವರಿಗೆ ಬದುಕಿದ್ದಾಗ ಯಾವುದು ಇಷ್ಟವಿತ್ತೋ ಅದನ್ನೆಲ್ಲ ಮಾಡಿ ಬಡಿಸಿ, ಬಾಗಿಲು ಮುಂದೆ ಮಾಡಿಕೊಂಡು ಮನೆಯವರೆಲ್ಲ ಹೊರಗೆ ಬಂದುಬಿಡಬೇಕು. ಊದುಬತ್ತಿ ಮುಗಿಯುವವರೆಗೆ ಯಾರೂ ಒಳಗೆ ಹೋಗಬಾರದು, ಇಣುಕಬಾರದು. ಆ ಹೊತ್ತಿನಲ್ಲಿ ಅವರು ಬಂದು ಉಂಡು ಹೋಗುತ್ತಾರೆ. ಅಕ್ಕನಿಗೆ ಇದು ಮೊದಲನೇ ಪಕ್ಷ. ಅವಳಿಗೆ ಏನೇನು ಮಾಡೋಣ ಎಂದು ಅತ್ತೆ ಕೇಳಿದಾಗ ಭಾವ ಪಿಜ್ಜಾ ಎಂದರು. ಅದು ಸರಿಯಾಗಿ ಬೇಯದಿದ್ದರೆ ಎಡೆಯನ್ನೇ ಇಡುವುದಿಲ್ಲ ಎಂದೂ ಸೇರಿಸಿದರು.

ಹಾಲು ವಾಪಸ್ ಕಳಿಸಿಕೊಂಡಿದ್ದ ಚಿಕ್ಕಪ್ಪ ಹಬ್ಬದ ದಿನ ಟವಲು ಒದರಿಕೊಂಡು ಬಂದರು. ಎಡೆಗೆ ಪಿಜ್ಜಾ ಇಡುವುದು ಯಾವ ಶಾಸ್ತ್ರ ಎಂದು ಕೇಳಿದರು. ಉತ್ತರ ಕೊಟ್ಟದ್ದು ಅತ್ತೆ: "ನಿಮ್ಮಪ್ಪುಂಗೆ ಬೀಡಿ ಕಟ್ಟು, ಬ್ರಾಂದಿ ಬಾಟ್ಲು ಇಕ್ತೀಯಲ್ಲ, ಅದ್ಯಾವ್ ಶಾಸ್ತ್ರ? ನನ್ ಸೊಸೆ ಒಂದ್ ರೊಟ್ಟಿ ಕೇಳವ್ಳೆ." ಚಿಕ್ಕಪ್ಪ ಟವಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಜಗಲಿಯ ಮೇಲೆ ಕೂತುಬಿಟ್ಟರು.

ಹಾಸನದಿಂದ ಚೀಸು ತಂದದ್ದು ನಾನು. ಹಿಟ್ಟು ನಾದಿದವರು ಅತ್ತೆ. ಭಾವ ಕಲ್ಲಿನ ಕಾವನ್ನು ಇನ್ನೂರ ಎಂಬತ್ತಕ್ಕೆ ಕಟ್ಟಿದರು. ರಿಲೇ ಟಿಕ್ ಎನ್ನುವುದು, ನಿಲ್ಲುವುದು, ಮತ್ತೆ ಟಿಕ್ ಎನ್ನುವುದು. ಅಂಕಿ ಇನ್ನೂರ ಎಂಬತ್ತಕ್ಕೆ ಬಂದು ಅಲ್ಲೇ ಕಾಲು ಮಡಿಸಿ ಕೂತಿತು. ಈ ಸಲ ಅವರು ಒಂದು ಸಲವೂ ಬಾಗಿಲು ತೆಗೆಯಲಿಲ್ಲ. ಕೈ ಎರಡನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಿದ್ದರು. ಈಚೆ ಬಂದಾಗ ಅಂಚು ಉಬ್ಬಿ, ಅಲ್ಲಲ್ಲಿ ಕಂದು ಚುಕ್ಕೆ ಬಿದ್ದು, ಚೀಸು ಗುಳುಗುಳು ಎನ್ನುತ್ತಿತ್ತು. ಅಂಗಡಿಯದಕ್ಕಿಂತ ಚೆನ್ನಾಗಿತ್ತು ಎಂದು ನಾನು ಆಣೆ ಇಟ್ಟು ಹೇಳುತ್ತೇನೆ. ಅತ್ತೆ ಅದರ ಮೇಲೆ ನಾಲ್ಕು ಎಲೆ ಕೊತ್ತಂಬರಿ ಉದುರಿಸಿದರು.

ನಡುಮನೆಯಲ್ಲಿ ಅಕ್ಕನ ಫೋಟೋ, ಹೊಸ ಸೀರೆ, ಹಸಿರು ಬಳೆ, ಹೂವು. ಬಾಳೆಲೆಯ ಮೇಲೆ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ, ಎಲ್ಲದರ ನಡುವೆ ಪಿಜ್ಜಾ. ಭಾವ ಓವನ್ನಿನಿಂದ ಮೀಟರನ್ನು ಬಿಚ್ಚಿಕೊಂಡು ಬಂದು, ತಂತಿಯ ತುದಿಯನ್ನು ಪಿಜ್ಜಾಕ್ಕೆ ಚುಚ್ಚಿ, ಉಳಿದದ್ದನ್ನು ಬಾಗಿಲ ಕೆಳಗಿನ ಸಂದಿಯಿಂದ ಹೊರಗೆ ಎಳೆದರು. ಪವರ್ ಬ್ಯಾಂಕಿಗೆ ಸಿಕ್ಕಿಸಿದ ಪುಟ್ಟ ಪರದೆ ಅವರ ಅಂಗೈ ಮೇಲಿತ್ತು. ಬಾಗಿಲು ಮುಚ್ಚಿಕೊಂಡು ನಾವೆಲ್ಲ ಹೊರಗೆ ನಿಂತೆವು.

"ಬಿಸಿ ಆರೋಕ್ ಮುಂಚೆ ಬರ್ಲಿ ಅಂತ" ಎಂದರು, ಯಾರೂ ಕೇಳದೆಯೇ.

ಎಂಬತ್ತೆಂಟು. ಎಂಬತ್ತು. ಎಪ್ಪತ್ತಮೂರು. ಚಿಕ್ಕಪ್ಪನೂ ಎದ್ದು ಬಂದು ಅವರ ಭುಜದ ಮೇಲಿಂದ ನೋಡುತ್ತಿದ್ದರು. ಅರವತ್ತಾರು. ಅರವತ್ತೆರಡು. ಅಕ್ಕ ಇದ್ದಿದ್ದರೆ ಈ ಹೊತ್ತಿಗೆ ಸೆರಗು ಬಾಯಿಗೆ ತುರುಕಿಕೊಂಡಿರುತ್ತಿದ್ದಳು.

ಅರವತ್ತು ಎಂದು ಬಂದ ತಕ್ಷಣ ಭಾವ ತಂತಿ ಕಿತ್ತು ಮೀಟರನ್ನು ಆರಿಸಿಬಿಟ್ಟರು. ಪರದೆ ಕಪ್ಪಾಯಿತು. ಅದನ್ನು ಅತ್ತೆಯ ಕೈಗೆ ಕೊಟ್ಟು, ಕನ್ನಡಕವನ್ನೂ ತೆಗೆದು ಕೊಟ್ಟು, ಬಾಗಿಲ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು. ಒಳಗೆ ಇಣುಕಬಾರದೆಂದು ಶಾಸ್ತ್ರ, ಕೇಳಬಾರದೆಂದು ಎಲ್ಲಿದೆ? ಬಾಗಿಲ ಹಲಗೆಗೆ ಕಿವಿ ಒತ್ತಿ, ಕಣ್ಣು ಮುಚ್ಚಿಕೊಂಡರು.

"ಈಗ ಹೇಳು" ಎಂದರು ಮೆಲ್ಲಗೆ. "ಕೇಳ್ತೀನಿ."

ಊದುಬತ್ತಿ ಮುಗಿದು ಬಹಳ ಹೊತ್ತಾಗಿತ್ತು. ಬಾಗಿಲು ತೆಗೆಯಿರಿ ಎಂದು ನಾವು ಯಾರೂ ಹೇಳಲಿಲ್ಲ.